ಉಡಿಮೆಣಸಿನ ನಿದ್ದೆ

ಆ ವರ್ಷ ಮಹಾನವಮಿಗೆ ಇನ್ನೂ ತಿಂಗಳಿರುವಾಗಲೇ ಹೊಸಣಜಿಯ ಹೊಲದಂಚಿನ ಆರು ಮನೆಯವರಿಗೆಲ್ಲ ಒಂದೇ ಕನಸು ಬೀಳತೊಡಗಿತ್ತು.

ಮೊದಮೊದಲು ಯಾರೂ ಬಾಯಿ ಬಿಡಲಿಲ್ಲ. ಕನಸು ಅವರವರ ಸ್ವಂತದ್ದು, ಬೀದಿಗೆ ತಂದು ಹರವುವಂಥದ್ದಲ್ಲ. ಒಂದು ಮುಂಜಾನೆ ನಳದ ಹತ್ತಿರ ಕೊಡ ಹಿಡಿದು ನಿಂತ ಹೆಂಗಸೊಬ್ಬಳು ತನ್ನ ಕನಸು ಹೇಳತೊಡಗಿದಾಗ, ಪಕ್ಕದಲ್ಲಿದ್ದವಳು ಉಳಿದ ಅರ್ಧವನ್ನು ತಾನೇ ಹೇಳಿ ಮುಗಿಸಿದಳು. ಇಬ್ಬರೂ ಕೊಡ ತುಂಬಿ ಹರಿದದ್ದನ್ನು ಗಮನಿಸದೆ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು.

ಕನಸಿನಲ್ಲಿ ಅವರು ಸೊಂಟದ ತನಕ ಹಸಿ ಮಣ್ಣಿನಲ್ಲಿ ಹೂತು ನಿಂತಿರುತ್ತಿದ್ದರು. ಕಾಲು ಕೀಳಲು ಬರುತ್ತಿರಲಿಲ್ಲ, ಕೀಳಬೇಕೆಂದು ಅನಿಸುತ್ತಲೂ ಇರಲಿಲ್ಲ. ಸುತ್ತ ತಂಪು, ಮಬ್ಬು ಹಸಿರು ಬೆಳಕು. ಮಣ್ಣಿನೊಳಗಿನ ನೀರಿನಲ್ಲಿ ಏನೋ ಈಜಿಕೊಂಡು ಬರುತ್ತಿತ್ತು. ಬಲು ಸಣ್ಣದು, ಎರಡು ಬಾಲದ್ದು. ಅದು ಪಾದದ ಹತ್ತಿರ ಬಂದು ನಿಂತು, ಯಾರು ನಮಗೆ ಎಲ್ಲರಿಗಿಂತ ಹೆಚ್ಚು ಬೇಕೋ ಅವರ ಧ್ವನಿಯಲ್ಲಿ, "ಬಾಗಲಾ ತಗಿ" ಎನ್ನುತ್ತಿತ್ತು. ಅಷ್ಟಕ್ಕೆ ಎಚ್ಚರವಾಗುತ್ತಿತ್ತು. ಎದ್ದಾಗ ಕಣ್ಣು ಒದ್ದೆಯಾಗಿರುತ್ತಿತ್ತು.

ಇದನ್ನೆಲ್ಲ ತಸ್ನೀಮ್ ನದಾಫಳಿಗೆ ಹೇಳಿದವಳು ಫಕ್ಕೀರವ್ವ. ತಸ್ನೀಮ್ ಸವಣೂರಿನವಳು, ಸಸ್ಯರೋಗಗಳ ವಿಜ್ಞಾನಿ. ಫಕ್ಕೀರವ್ವನ ಅರ್ಧ ಎಕರೆ ಹೊಲದ ನಡುವೆ ನಾಲ್ಕು ಕಾಲಿನ ಮೇಲೆ ನಿಂತಿದ್ದ ಉಕ್ಕಿನ ಪೆಟ್ಟಿಗೆ ಅವಳದೇ. ಕಟ್ಟೆಯ ಮೇಲೆ ಕೂತು ಕನಸಿನ ಸುದ್ದಿಯನ್ನು ಪುಸ್ತಕದಲ್ಲಿ ಬರೆದುಕೊಂಡಳು: 'ಆರು ಮನೆ, ಇಪ್ಪತ್ತಮೂರು ಜನ, ಒಂದೇ ಕನಸು.' ಆಮೇಲೆ ಅದನ್ನು ಹೊಡೆದು ಹಾಕಿದಳು. ಅವಳ ಪುಸ್ತಕದಲ್ಲಿ ಕನಸಿಗೆ ಅಂಕಣ ಇರಲಿಲ್ಲ.

"ನಿಮಗ ಬಿದ್ದಿಲ್ಲೇನ್ರಿ ಮೇಡಮ್ಮಾರ?" ಎಂದು ಫಕ್ಕೀರವ್ವ ಕೇಳಿದಳು.

"ನಾ ಇರೋದು ಬ್ಯಾಡಗಿ ಪ್ಯಾಟ್ಯಾಗ ಅಲ್ಲೇನ್ರಿ" ಎಂದಳು ತಸ್ನೀಮ್. ಆದರೆ ಆ 'ಎಲ್ಲರಿಗಿಂತ ಹೆಚ್ಚು ಬೇಕಾದವರ ಧ್ವನಿ' ಎಂಬ ಮಾತು ಅವಳ ಎದೆಯಲ್ಲಿ ಮುಳ್ಳಿನ ಹಾಗೆ ಮುರಿದು ಕೂತಿತು. ಅವಳ ತಾಯಿ ತೀರಿಕೊಂಡು ಎರಡು ವರ್ಷ. ಮುಖ ಫೋಟೋದಲ್ಲಿತ್ತು. ಧ್ವನಿ ಮಾತ್ರ ದಿನದಿನಕ್ಕೆ ಮಾಸುತ್ತಿತ್ತು, ಅದನ್ನು ಯಾರ ಮುಂದೆ ಹೇಳಿಕೊಳ್ಳುವುದೆಂದು ತಿಳಿಯದೆ ಅವಳು ಸುಮ್ಮನಿದ್ದಳು.

ಫಕ್ಕೀರವ್ವನ ಹೊಲದಲ್ಲಿದ್ದದ್ದು ಉಡಿಮೆಣಸಿನಕಾಯಿ. ಬ್ಯಾಡಗಿ ಸೀಮೆಯಲ್ಲಿ ಸುಕ್ಕುಗಟ್ಟಿದ ಕೆಂಪು ಕಾಯಿಗೇನೂ ಬರವಿಲ್ಲ, ಆದರೆ ಈ ತಳಿ ಅವಳ ಮನೆತನದ ಹೆಣ್ಣುಮಕ್ಕಳದ್ದು. ಮಗಳು ಗಂಡನ ಮನೆಗೆ ಹೊರಟಾಗ ಅಕ್ಕಿ, ಕೊಬ್ಬರಿ, ಅರಿಷಿಣಬೇರಿನ ಜೊತೆ ಒಂದು ಹಿಡಿ ಬೀಜವನ್ನೂ ಉಡಿಗೆ ಹಾಕಿ ಕಳಿಸುತ್ತಿದ್ದರು. ಹಾಗೆ ಉಡಿಯಿಂದ ಉಡಿಗೆ ಬಂದ ಬೀಜ ಅದು. ಕಾಲಕ್ರಮೇಣ ಉಳಿದವರೆಲ್ಲ ಅಂಗಡಿಯ ಪಾಕೀಟಿನ ಬೀಜಕ್ಕೆ ಹೋಗಿ, ಕೊನೆಗೆ ಉಳಿದದ್ದು ಇವಳ ಹೊಲವೊಂದೇ. ಹಿಂದಿನ ವರ್ಷ ಬುಡಕೊಳೆ ರೋಗ ಬಂದು ನಿಂತ ನಿಂತಲ್ಲೇ ಗಿಡಗಳು ಸೊರಗಿ, ಇಡೀ ಹೊಲದಲ್ಲಿ ಹನ್ನೊಂದು ಗಿಡ ಬದುಕಿದವು. ಮೆಣಸಿನ ಬೀಜಕ್ಕೆ ಆಯುಷ್ಯ ಕಡಿಮೆ, ಎರಡು ವರ್ಷ ದಾಟಿದರೆ ಮೊಳೆಯುವುದು ಕಷ್ಟ. ಆ ಹನ್ನೊಂದು ಗಿಡದ ಬೀಜದಿಂದ ಎದ್ದದ್ದು ಈಗಿನ ಆರುನೂರ ನಲವತ್ತು ಗಿಡ. ಇವೂ ಹೋದರೆ ಉಡಿಮೆಣಸು ಎಂಬ ಹೆಸರೂ ಹೋಗುತ್ತಿತ್ತು.

ಚೊಚ್ಚಲ ಬಸುರಿಯಾದ ಮಗಳು ಕಸ್ತೂರಿ ತವರಿಗೆ ಬಂದಿದ್ದಳು. ಮಗು ಎತ್ತಿಕೊಂಡು ತಿರುಗಿ ಹೋಗುವಾಗ ಅವಳ ಉಡಿಗೆ ಬೀಜ ಹಾಕಬೇಕು ಎಂಬುದೊಂದೇ ಫಕ್ಕೀರವ್ವನ ಹಟ.

*

ತಸ್ನೀಮಳ ಪ್ರಯೋಗಾಲಯವಿದ್ದದ್ದು ಬ್ಯಾಡಗಿಯಲ್ಲಿ, ಮೆಣಸಿನಕಾಯಿ ಚೀಲ ಇಡುತ್ತಿದ್ದ ಹಳೆಯ ಕೋಲ್ಡ್ ಸ್ಟೋರೇಜಿನ ಒಂದು ಕೋಣೆಯಲ್ಲಿ. ಗೋಡೆಯ ಸಂದುಗಳಲ್ಲಿ ಎಷ್ಟೋ ವರ್ಷದ ಘಾಟು ಸೇರಿಕೊಂಡಿತ್ತು. ಒಳಗೆ ಬಂದವರು ಮೊದಲು ಸೀನಿ, ಆಮೇಲೆ ನಮಸ್ಕಾರ ಹೇಳುತ್ತಿದ್ದರು.

ರೋಗ ತರುವ ಜೀವಿ ನೋಡಲು ಬೂಷ್ಟಿನಂತಿದ್ದರೂ ಬೂಷ್ಟಲ್ಲ, ನೀರಿನ ಪಾಚಿಗೆ ದೂರದ ನೆಂಟ. ಅದರ ಬೀಜಾಣುಗಳಿಗೆ ಎರಡು ಬಾಲ. ಮಳೆ ಬಿದ್ದು ಮಣ್ಣು ತೊಯ್ದರೆ ಈಜಿಕೊಂಡು ಬೇರಿನ ಹತ್ತಿರ ಬರುತ್ತವೆ. ಬಂದು ಪ್ರೋಟೀನುಗಳನ್ನು ಸ್ರವಿಸುತ್ತವೆ. ಒಂದು ಜಾತಿಯ ಪ್ರೋಟೀನು ಗಿಡದ ಜೀವಕೋಶದೊಳಗೆ ನುಸುಳಿ, ಗಿಡದ ಸ್ವಂತ ಸಂದೇಶವಾಹಕರಂತೆಯೇ ನಟಿಸಿ, ಎಲ್ಲ ಸುಖವಾಗಿದೆ ಎಂದು ನಂಬಿಸುತ್ತದೆ. ಕಾವಲು ಸಡಿಲವಾದದ್ದೇ ತಡ, ಇನ್ನೊಂದು ಜಾತಿಯ ಪ್ರೋಟೀನು ಕೋಶದ ಪೊರೆಗೆ ತೂತು ಕೊರೆಯುತ್ತದೆ. ಆಮೇಲೆ ಗಿಡಕ್ಕೆ ಉಳಿಯುವುದು ಎರಡೋ ಮೂರೋ ದಿನ.

ತಸ್ನೀಮ್ ಈ ವಿಷಪ್ರೋಟೀನುಗಳನ್ನು ಕುದಿಸಿ ತುಣುಕು ಮಾಡಿದ್ದಳು. ಕೊಂಡಿ ಮುರಿದ ಚೇಳಿನಂತೆ ಆ ತುಣುಕುಗಳು ಕುಟುಕಲಾರವು, ಆದರೆ ಗಿಡ ಅವುಗಳ ಗುರುತು ಹಿಡಿಯುತ್ತದೆ. ಪೆಟ್ಟಿಗೆಯ ಕೊಳವೆ ಬೆಳಿಗ್ಗೆ ಸಂಜೆ ಸುತ್ತುತ್ತ ಅದನ್ನು ಮಂಜಿನಂತೆ ಸಿಂಪಡಿಸುತ್ತಿತ್ತು. ಗಿಡಗಳು ವೈರಿ ಬಂದನೆಂದು ಎಚ್ಚೆತ್ತು ಕೋಶದ ಗೋಡೆ ದಪ್ಪ ಮಾಡಿಕೊಳ್ಳುತ್ತಿದ್ದವು. ಆಗ ಎಲೆಗಳಿಂದ ಒಂದು ವಾಸನೆ ಏಳುತ್ತಿತ್ತು, ಥೇಟ್ ಮೈಕೈ ನೋವಿಗೆ ಹಚ್ಚುವ ಮುಲಾಮಿನ ವಾಸನೆ. ಗಿಡಗಳು ಒಂದಕ್ಕೊಂದು ಅಪಾಯ ಸಾರುವ ಭಾಷೆ ಅದು. ಆ ಭಾಷೆ ಮಲಗಿದ ಮನುಷ್ಯರಿಗೂ ತಿಳಿದೀತು ಎಂದು ಮಾತ್ರ ಯಾರೂ ಎಣಿಸಿರಲಿಲ್ಲ.

ಇದನ್ನು ಮೊದಲ ದಿನ ವಿವರಿಸಿದಾಗ ಫಕ್ಕೀರವ್ವ ಗಲ್ಲಕ್ಕೆ ಕೈ ಕೊಟ್ಟು ಕೇಳಿ, "ಅಂದ್ರ, ಹಿಂದಕ್ಕ ಬಾಗಲದ ಮ್ಯಾಲ 'ನಾಳೆ ಬಾ' ಅಂತ ಬರೀತಿದ್ರಲ್ರೀ, ಹಂಗ" ಎಂದಿದ್ದಳು. ಮನೆಯವರದೇ ಧ್ವನಿಯಲ್ಲಿ ಕೂಗಿ ಬಾಗಿಲು ತೆಗೆಸುವ ದೆವ್ವಕ್ಕೆ ಊರೂರೇ ಗೋಡೆಯ ಮೇಲೆ 'ನಾಳೆ ಬಾ' ಎಂದು ಬರೆದ ಕಾಲ ಅವಳಿಗೆ ನೆನಪಿತ್ತು. ಅಂದಿನಿಂದ ಊರವರ ಬಾಯಲ್ಲಿ ಆ ಯಂತ್ರ 'ನಾಳೆಬಾ ಪೆಟ್ಟಿಗೆ' ಆಯಿತು. ತಸ್ನೀಮ್ ಹತ್ತು ಪುಟ ಬರೆದು ಹೇಳಿದ್ದನ್ನು ಈ ಹೆಂಗಸು ಎರಡು ಶಬ್ದದಲ್ಲಿ ಹೇಳಿ ಮುಗಿಸಿದ್ದಳು.

ಅವಳ ಸಂಶೋಧನಾ ಸಂಸ್ಥೆಯ ಮುಖ್ಯಸ್ಥ ಅರಳಿಕಟ್ಟಿ ಸರ್ ಫೋನಿನಲ್ಲಿ ಖುಷಿಯಾಗಿದ್ದರು. "ಒಂದರೆ ಗಿಡಾ ಸತ್ತೈತೇನ್ರಿ? ಇಲ್ಲ! ಮತ್ತೇನು ಬೇಕು?"

"ಸತ್ತಿಲ್ಲ ಸರ್. ಆದ್ರ ಕಾಯಿ ಕಟ್ಟವಲ್ವು. ಹತ್ತು ಹೂವಿನ್ಯಾಗ ಒಂಬತ್ತು ಉದುರಾಕತ್ತಾವ."

"ಕಾಯಿ ಆಮ್ಯಾಲ ನೋಡೂಣು. ದೀಪಾವಳಿತನಾ ನಿಲ್ಲಿಸಬ್ಯಾಡ್ರಿ."

ತಸ್ನೀಮ್ ಪರದೆಯ ಕಡೆ ನೋಡಿದಳು. ನಲವತ್ತು ಗಿಡಗಳ ಎಲೆಗೆ ಸಿಕ್ಕಿಸಿದ ಸಣ್ಣ ಕ್ಲಿಪ್ಪುಗಳು ಅವುಗಳ ಆತಂಕದ ಮಟ್ಟವನ್ನು ಕಳಿಸುತ್ತಿದ್ದವು. ನಲವತ್ತೂ ಗೆರೆಗಳು ಮೇಲೆಯೇ ನಿಂತಿದ್ದವು. ಎರಡು ತಿಂಗಳಿಂದ ಆ ಹೊಲ ಕಣ್ಣು ಮುಚ್ಚಿರಲಿಲ್ಲ. ಇದ್ದಬದ್ದ ಶಕ್ತಿಯನ್ನೆಲ್ಲ ಗೋಡೆ ಕಟ್ಟುವುದಕ್ಕೇ ಸುರಿಯುವ ಗಿಡ ಕಾಯಿಗೆ ಏನು ಕೊಟ್ಟೀತು? ಗಿಡ ಉಳಿಸಲು ಹೋಗಿ ಬೀಜ ಕಳೆಯುತ್ತಿದ್ದೇನೆ ಎಂಬುದು ಅವಳಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ನಿಲ್ಲಿಸಿದರೆ ರೋಗ, ನಿಲ್ಲಿಸದಿದ್ದರೆ ಬಂಜೆ ಹೊಲ. ಅವಳು ಹೆದರಿದ್ದಳು, ಹೆದರಿದವರು ಮಾಡುವಂತೆ ಏನೂ ಮಾಡದೆ ಕೂತಿದ್ದಳು.

*

ಸೀಗಿ ಹುಣ್ಣಿಮೆಗೆ ನಾಲ್ಕು ದಿನ ಇತ್ತು. ತಸ್ನೀಮ್ ಹೋದಾಗ ಕಸ್ತೂರಿ ಅಡುಗೆಮನೆಯ ಗೋಡೆಗೆ ಒರಗಿ ಕೂತಿದ್ದಳು. ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು.

"ಮಕ್ಕೊಳ್ಳಾಕ ಅಂಜಿಕಿ ಬರ್ತೈತ್ರಿ" ಎಂದಳು ಕಸ್ತೂರಿ. "ಕಣ್ಣು ಮುಚ್ಚಿದ್ರ ಸಾಕು, ಅವ್ವನ ಧ್ವನಿಲೇ ಕರೀತೈತಿ. ಅವ್ವ ಇಲ್ಲೇ ಬಾಜೂಕ ಮಕ್ಕೊಂಡಿರ್ತಾಳ, ಗೊತ್ತೈತಿ. ಆದ್ರೂ ತೆಗೀಬೇಕು ಅನಸ್ತೈತಿ."

ಫಕ್ಕೀರವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸದೆಯೇ ಹೇಳಿದಳು: "ಮೇಡಮ್ಮಾರ, ಬಸುರಿಗೆ ಯಾರರ ಅಂಜಸ್ತಾರೇನ್ರಿ? ಕೆಟ್ಟ ಸುದ್ದಿ ಇದ್ರೂ ಮುಚ್ಚಿಡ್ತೀವಿ. ಈಗ ಹೊಲಾನೂ ಬಸುರಿ ಐತಿ. ಸೀಗಿ ಹುಣ್ಣಿವಿಗೆ ನಾವು ಅದರ ಬಯಕಿ ತೀರಸಾಕ ಬುತ್ತಿ ಒಯ್ತೀವಿ. ನಿಮ್ಮ ಪೆಟಿಗಿ ದಿನಾ ಎರಡು ಸರ್ತಿ ಅದರ ಕಿವ್ಯಾಗ 'ಕಳ್ಳ ಬಂದಾ, ಕಳ್ಳ ಬಂದಾ' ಅಂತೈತಿ. ಆ ದಿನ ಒಂದರೆ ಬಂದ್ ಮಾಡ್ರಿ."

"ಮಳಿ ಬರೂ ಹಂಗೈತಿ ಅವ್ವಾರ. ಮಣ್ಣು ಹಸಿ ಆದ ಕೂಡ್ಲೇ ಅದು ಈಜಿ ಬರ್ತೈತಿ. ಒಂದಿನಾ ಬಿಟ್ರೂ..."

ಫಕ್ಕೀರವ್ವ ಹಂಚಿನಿಂದ ರೊಟ್ಟಿ ಎತ್ತಿದಳು. ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟು ತಸ್ನೀಮಳ ಮುಂದೆ ಸರಿಸಿದಳು. ಅವಳು ಸುಮ್ಮನಾದಳೆಂದರೆ ಒಪ್ಪಿದಳೆಂದು ತಿಳಿದದ್ದು ತಸ್ನೀಮಳ ತಪ್ಪು.

*

ಸೀಗಿ ಹುಣ್ಣಿಮೆಯ ದಿನ ಹನ್ನೊಂದು ಗಂಟೆಗೆ ಪರದೆಯ ಮೇಲಿನ ಗೆರೆಗಳು ಇಳಿಯತೊಡಗಿದವು.

ಒಂದಲ್ಲ, ಎರಡಲ್ಲ, ನಲವತ್ತೂ. ಬೆಳಗಿನ ಸಿಂಪಡಣೆ ಸರಿಯಾಗಿಯೇ ನಡೆದಿದೆ ಎಂದು ಯಂತ್ರ ಹೇಳುತ್ತಿತ್ತು. ಗೆರೆಗಳು ಮಾತ್ರ ದಿನವಿಡೀ ದುಡಿದು ಬಂದು ಅಡ್ಡಾದವರಂತೆ ಒಂದೊಂದಾಗಿ ಕೆಳಗೆ ಒರಗುತ್ತಿದ್ದವು. ತಸ್ನೀಮ್ ಸ್ಕೂಟರ್ ಹತ್ತಿ ಹೊಸಣಜಿಗೆ ಓಡಿದಳು.

ಹೊಲದಲ್ಲಿ ಹಬ್ಬ ಮುಗಿಯುವ ಹಂತದಲ್ಲಿತ್ತು. ಸುಣ್ಣ ಬಳಿದ ಐದು ಕಲ್ಲಿಗೆ ಪೂಜೆಯಾಗಿತ್ತು. ಹೋಳಿಗೆ, ಕರ್ಚಿಕಾಯಿ, ಎಣ್ಣೆಗಾಯಿ, ಪುಂಡಿಪಲ್ಯ ಎಲ್ಲವನ್ನೂ ಕಲಸಿ ಹೊಲದ ನಾಲ್ಕೂ ಕಡೆಗೆ ಚರಗ ಚೆಲ್ಲಿ ಬಂದವರು ಚಕ್ಕಡಿಯ ನೆರಳಲ್ಲಿ ಊಟಕ್ಕೆ ಕೂತಿದ್ದರು. ನಡುವೆ ನಿಂತ ಪೆಟ್ಟಿಗೆಗೆ ಅರಿಷಿಣ ಕುಂಕುಮ ಹಚ್ಚಲಾಗಿತ್ತು. ಅದರ ಕಾಲಿಗೆ ಹಸಿರು ಬಳೆ. ಮತ್ತು ಅದರ ಕೊಳವೆಯ ಬಾಯಿಗೆ ಹೊಸ ಹಸಿರು ಖಣದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು ಇಟ್ಟು ಬಿಗಿಯಾಗಿ ಗಂಟು ಹಾಕಲಾಗಿತ್ತು. ಮಂಜು ಬಟ್ಟೆಯಲ್ಲೇ ಇಂಗಿ ಹನಿಹನಿಯಾಗಿ ಕಾಲಿನುದ್ದಕ್ಕೂ ಇಳಿಯುತ್ತಿತ್ತು.

"ಇದೇನ್ ಮಾಡೀರಿ ಅವ್ವಾರ!"

"ಉಡಿ ತುಂಬೇನ್ರಿ" ಎಂದಳು ಫಕ್ಕೀರವ್ವ, ಏನೂ ಅರಿಯದವಳಂತೆ. "ಎಲ್ಲಾ ಗಿಡಕ್ಕಿಂತ ಎತ್ತರ ಅದೇ ನಿಂತಿತ್ತು. ಅದಕ್ಕೂ ಒಂದು ಮರ್ಯಾದಿ."

ತಸ್ನೀಮ್ ಗಂಟಿಗೆ ಕೈ ಹಾಕಿದಳು. ಆಗ ಕಸ್ತೂರಿ ಕಂಡಳು. ಚಕ್ಕಡಿಯ ಕೆಳಗೆ ಕಂಬಳಿಯ ಮೇಲೆ, ಒಂದು ಕೈ ಹೊಟ್ಟೆಯ ಮೇಲಿಟ್ಟು, ಬಾಯಿ ತುಸು ತೆರೆದು ಮಲಗಿದ್ದಳು. ತುಟಿಯ ಅಂಚಿನಲ್ಲಿ ಹೋಳಿಗೆಯ ಚೂರು ಹಾಗೇ ಇತ್ತು. ಊಟದ ನಡುವೆಯೇ ನಿದ್ದೆ ಎಳೆದುಕೊಂಡು ಹೋಗಿತ್ತು. ಗಾಳಿಯಲ್ಲಿ ಮುಲಾಮಿನ ವಾಸನೆ ಇರಲಿಲ್ಲ. ಹಸಿ ಮಣ್ಣಿನ ವಾಸನೆ, ಹೂವಿನದೊಂದು ತೆಳು ವಾಸನೆ ಇತ್ತು, ಅಷ್ಟೇ. ಆರುನೂರ ನಲವತ್ತು ಗಿಡಗಳು ಎಲೆ ಜೋಲಿಸಿ ಬಿಸಿಲಿನಲ್ಲಿ ಸುಮ್ಮನೆ ನಿಂತಿದ್ದವು. ತಸ್ನೀಮ್ ಗಂಟಿನ ಮೇಲಿಂದ ಕೈ ತೆಗೆದಳು. ಎಷ್ಟೋ ದಿನದ ಮೇಲೆ ಅವಳಿಗೂ ಹಸಿವಾಗಿತ್ತು.

"ನನಗೂ ಒಂದ್ ಹೋಳಿಗಿ ಹಾಕ್ರಿ" ಎಂದು ಕೂತಳು.

ಅರಳಿಕಟ್ಟಿ ಸರ್ ಸುದ್ದಿ ಕೇಳಿ ಸಿಡಿದರು. "ವರದಿಯೊಳಗ ಏನಂತ ಬರೀತೀರಿ? ಹೊಲ ಬಸುರಿ ಇತ್ತು ಅಂತೇನು?"

'ಫಲ ಕಟ್ಟುವ ಹಂತದಲ್ಲಿ ಸಿಂಪಡಣೆಗೆ ವಿರಾಮ' ಎಂದು ತಸ್ನೀಮ್ ಬರೆದಳು. ಎರಡಕ್ಕೂ ಅರ್ಥ ಒಂದೇ.

*

ವಾರದೊಳಗೆ ಉದುರದ ಹೂವುಗಳ ಬುಡದಲ್ಲಿ ಸೂಜಿಯಂಥ ಕಾಯಿ ಇಣುಕಿದವು. ಈಗ ಉಳಿದದ್ದು ಒಂದೇ ಪ್ರಶ್ನೆ, ರೋಗ ಬಂದರೆ ತಿಳಿಯುವುದು ಹೇಗೆ? ಕ್ಲಿಪ್ಪು ಇದ್ದದ್ದು ನಲವತ್ತು ಗಿಡಕ್ಕೆ ಮಾತ್ರ. ರೋಗವೇನು ಕ್ಲಿಪ್ಪು ಹಾಕಿಕೊಂಡವರ ಮನೆಗೇ ಮೊದಲು ಬರುತ್ತದೆಯೇ?

ದಾರಿ ತೋರಿಸಿದವಳು ಕಸ್ತೂರಿ. "ಗಿಡಾ ಅಂಜಿದ್ರ ನಮಗ ಕನಸು ಬೀಳ್ತೈತಿ ಅಲ್ರಿ? ಎಲ್ಲಾ ಗಿಡಾ ಮಲಗಿದ್ದಾಗ ಒಂದಾ ಗಿಡಾ ಅಂಜಿದ್ರೂ, ಅದರ ಬಾಜೂಕ ಮಕ್ಕೊಂಡವರಿಗೆ ಗೊತ್ತಾಗ್ತೈತಿ."

ವಾಸನೆ ಬಿಸಿಲಿಗೆ ಚೆನ್ನಾಗಿ ಏಳುತ್ತದೆ, ಹಾಗಾಗಿ ಮಧ್ಯಾಹ್ನದ ನಿದ್ದೆಯೇ ಸರಿ ಎಂದು ತಸ್ನೀಮ್ ಲೆಕ್ಕ ಹಾಕಿದಳು. ಲೋಕದಲ್ಲೆಲ್ಲ ಕಾವಲಿನವನು ಮಲಗಿದರೆ ಬೈಗುಳ. ಹೊಸಣಜಿಯಲ್ಲಿ ಮಾತ್ರ ಕಾವಲಿನವನು ಎಚ್ಚರ ಇದ್ದರೆ ಬೈಗುಳವಾಯಿತು. ಕಸ್ತೂರಿಯೊಬ್ಬಳನ್ನು ಬಿಟ್ಟು ಆರು ಮನೆಯವರೂ ಪಾಳಿ ಹಚ್ಚಿಕೊಂಡರು. ಉಂಡು ಬಂದು ಸಾಲುಗಳ ನಡುವೆ ಗೋಣಿತಟ್ಟು ಹಾಸಿ, ತಲೆಯ ಮೇಲೆ ಟವೆಲ್ಲು ಹೊದ್ದು ಮಲಗುತ್ತಿದ್ದರು. ಕೊನೆಯ ಮನೆಯ ಅಜ್ಜನೊಬ್ಬ ತನ್ನದಲ್ಲದ ಪಾಳಿಯಲ್ಲೂ ಬಂದು ಗೊರಕೆ ಹೊಡೆದು, ಎದ್ದು, "ಏನೂ ಇಲ್ಲ, ಎಲ್ಲಾ ಬರೋಬ್ಬರಿ ಐತಿ" ಎಂದು ಗಂಭೀರವಾಗಿ ವರದಿ ಒಪ್ಪಿಸುತ್ತಿದ್ದ. ಎಲ್ಲರಿಗೂ ತಂತಮ್ಮ ಹಳೆಯ ಕನಸುಗಳು ತಿರುಗಿ ಬಂದಿದ್ದವು.

ಎರಡು ದಿನ ಜಿಟಿಜಿಟಿ ಮಳೆ ಹಿಡಿಯಿತು. ಮೂರನೆಯ ದಿನ ಬಿಸಿಲು ಬಿತ್ತು. ಫಕ್ಕೀರವ್ವ ತಸ್ನೀಮಳನ್ನು ನೋಡಿ, "ನೀವೂ ಒಂದಿನಾ ಮಕ್ಕೋರಿ ಮೇಡಮ್ಮಾರ. ಹಡದವ್ವನಂಗ ಕಾಯ್ದೀರಿ, ಕಣ್ಣು ನೋಡ್ರಿ ಹೆಂಗಾಗ್ಯಾವ" ಎಂದಳು.

ನೈಋತ್ಯದ ತಗ್ಗಿನಲ್ಲಿ, ಹನ್ನೊಂದನೆಯ ಸಾಲಿನ ಬದಿಗೆ ತಸ್ನೀಮ್ ಗೋಣಿತಟ್ಟು ಹಾಸಿಕೊಂಡಳು. ಎಲೆಗಳ ಸಂದಿಯಿಂದ ಆಕಾಶ ಚೂರುಚೂರಾಗಿ ಕಾಣುತ್ತಿತ್ತು. ಅದನ್ನು ನೋಡುತ್ತ ನೋಡುತ್ತ ಅವಳು ಮಣ್ಣಿನೊಳಗೆ ಇಳಿದಳು.

ತಂಪಿತ್ತು. ಹಸಿರು ಮಬ್ಬಿತ್ತು. ಕಾಲುಗಳು ಕವಲೊಡೆದು, ಎಳೆಎಳೆಯಾಗಿ ಕತ್ತಲೆಯ ಕಡೆ ಹರಿದಿದ್ದವು. ಅವಳು ಯಾವುದಕ್ಕೂ ಅವಸರವಿಲ್ಲದೆ ನಿಂತಿದ್ದಳು. ದೂರದಲ್ಲಿ ನೀರು ಅಲುಗಿತು. ಎರಡು ಬಾಲದ ಒಂದು ಸಣ್ಣ ಜೀವ ಈಜುತ್ತ, ತಡೆಯುತ್ತ, ಮತ್ತೆ ಈಜುತ್ತ ಅವಳ ಪಾದದ ತನಕ ಬಂತು.

"ತಸ್ಸೂ" ಎಂದಿತು. "ಬಾಗಲಾ ತಗೀ. ಕೈ ಖಾಲಿ ಇಲ್ಲ."

ಅದು ಅವ್ವ. ಸಂತೆಯಿಂದ ಎರಡೂ ಕೈಯಲ್ಲಿ ಚೀಲ ಹಿಡಿದು ಬಂದು, ಬಾಗಿಲನ್ನು ಕಾಲಿನಿಂದ ಮೆಲ್ಲಗೆ ತಟ್ಟಿ ಹೇಳುತ್ತಿದ್ದ ಮಾತು. 'ತಗೀ' ಎಂಬಲ್ಲಿ ಧ್ವನಿ ತುಸು ಏರುತ್ತಿತ್ತು, ದಣಿದಿದ್ದರೆ ಕೊನೆಗೆ ಒಡೆಯುತ್ತಿತ್ತು. ಆ ಒಡಕನ್ನು ತಸ್ನೀಮ್ ಮರೆತೇಬಿಟ್ಟಿದ್ದಳು. ಈಗ ಅದು ಹಾಗೆಯೇ, ಕೂದಲಷ್ಟೂ ಹೆಚ್ಚುಕಡಿಮೆಯಿಲ್ಲದೆ ಕೇಳಿತು. ಇದು ಯಾರು, ಏಕೆ ಬಂದಿದೆ ಎಂಬುದು ಅವಳಿಗೆ ಗೊತ್ತಿತ್ತು. ಅದರ ರಚನೆಯ ಚಿತ್ರ ಅವಳ ಮೇಜಿನ ಮೇಲೆಯೇ ಇತ್ತು. ಆದರೂ ತೆಗೆಯಬೇಕೆನಿಸಿತು. ಚಿಲಕ ಅವಳೊಳಗೇ ಎಲ್ಲೋ ಇತ್ತು, ಸುಮ್ಮನೆ ಒಪ್ಪಿದರೆ ಸಾಕು, ಸರಿಯುತ್ತಿತ್ತು.

"ತಸ್ಸೂ, ಬಾಗಲಾ ತಗೀ."

ಎರಡನೆಯ ಸಲವೂ ಪೂರ್ತಿ ಕೇಳಿದಳು. ಆಮೇಲೆ, ತನ್ನ ಜೀವವನ್ನೇ ಕಿತ್ತಿಡುವವಳಂತೆ, "ನಾಳೆ ಬಾ ಅವ್ವಾ" ಎಂದಳು.

ಎದ್ದಾಗ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಕಿವಿಯ ಪಕ್ಕದ ಗಿಡದಿಂದ ಮುಲಾಮಿನ ವಾಸನೆ ಬರುತ್ತಿತ್ತು. "ಇಲ್ಲೇ ಬಂದೈತಿ! ಗಂಟು ಬಿಚ್ರಿ!" ಎಂದು ಕೂಗಿದಳು. ಫಕ್ಕೀರವ್ವ ಓಡಿಬಂದು, ಉಡಿಯ ಗಂಟು ಕಟ್ಟಿದವರೇ ಬಿಚ್ಚಬೇಕೆಂದು ತಾನೇ ಬಿಚ್ಚಿದಳು. ತಸ್ನೀಮ್ ಗುಂಡಿ ಒತ್ತಿದಳು, ಕೊಳವೆ ಸುತ್ತಿತು. ಮತ್ತೆ ಆ ಕನಸು ಬೀಳದಿರಲೆಂದು ಆರು ಮನೆಯವರನ್ನು ಮೂರು ದಿನ ಊರಾಚೆಯ ಶಾಲೆಗೆ ಕಳಿಸಿ, ತಸ್ನೀಮ್ ತಾನು ಕೋಲ್ಡ್ ಸ್ಟೋರೇಜಿನಲ್ಲಿ ಪರದೆಯ ಮುಂದೆ ಕೂತಳು. ತಗ್ಗಿನ ಹತ್ತೊಂಬತ್ತು ಗಿಡ ಹೋದವು. ಆರುನೂರ ಇಪ್ಪತ್ತೊಂದು ನಿಂತವು.

ನಾಲ್ಕನೆಯ ದಿನ ಪಂಪು ನಿಲ್ಲಿಸಿ, ಸಂಜೆಯ ತನಕ ಗೆರೆಗಳು ಇಳಿಯುವುದನ್ನು ಕಾದಳು. ಮರುದಿನ ಮಧ್ಯಾಹ್ನ ಹೋಗಿ ಅದೇ ಜಾಗದಲ್ಲಿ ಮಲಗಿದಳು. ಒಳ್ಳೆಯ ನಿದ್ದೆ ಬಂತು, ಕನಸು ಬರಲಿಲ್ಲ. ಎದ್ದು ಪೆಟ್ಟಿಗೆಯ ಮುಂದೆ ಬಹಳ ಹೊತ್ತು ನಿಂತಳು. ಒಂದು ಗುಂಡಿ ಒತ್ತಿದರೆ ಸಾಕಿತ್ತು. ಹೊಲ ಎಚ್ಚರಾಗುತ್ತಿತ್ತು, ವಾಸನೆ ಏಳುತ್ತಿತ್ತು, ಅವಳು ಅಲ್ಲೇ ಮಲಗಿದರೆ ಆ ಧ್ವನಿ ಮತ್ತೆ ಬರುತ್ತಿತ್ತು. ನಾಳೆ ಬಾ ಎಂದು ಕರೆದವಳು ತಾನೇ ಅಲ್ಲವೇ? ಕಾಯಿಗಳು ಆಗ ಬೆರಳುದ್ದ ಆಗಿದ್ದವು. ಅವಳು ಖಣವನ್ನು ಕೊಡವಿ, ಕೊಳವೆಯ ಬಾಯಿಗೆ ಮತ್ತೆ ಕಟ್ಟಿದಳು.

*

ಸಂಕ್ರಾಂತಿ ಕಳೆದಿತ್ತು. ಕಸ್ತೂರಿಗೆ ಹೆಣ್ಣು ಹುಟ್ಟಿತ್ತು. ಹೊಲದ ಕಾಯಿ ಕೆಂಪಾಗಿ, ಒಣಗಿ, ಸುಕ್ಕುಗಟ್ಟಿ ಮನೆ ಸೇರಿತ್ತು. ತಸ್ನೀಮಳ ಕೆಲಸ ಮುಗಿದು, ಬಾಡಿಗೆ ಕೋಣೆಯಲ್ಲಿ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದಳು. ಸಾಯಂಕಾಲದ ಬಿಸಿಲು ಬಾಗಿಲ ಸಂದಿಯಿಂದ ಒಳಗೆ ಬಿದ್ದಿತ್ತು. ಹೊರಗೆ ಯಾರೋ ಬಾಗಿಲನ್ನು ಕಾಲಿನಿಂದ ಮೆಲ್ಲಗೆ ತಟ್ಟಿದರು.

"ಬಾಗಲಾ ತಗೀ ಯವ್ವಾ. ಕೈ ಖಾಲಿ ಇಲ್ಲ."

ತಸ್ನೀಮಳ ಕೈ ನಿಂತಿತು. ಗಾಳಿಯನ್ನು ಮೂಸಿ ನೋಡಿದಳು. ಮುಲಾಮಿನ ವಾಸನೆ ಇರಲಿಲ್ಲ, ಒಣ ಮೆಣಸಿನಕಾಯಿಯ ಸಿಹಿ ಘಾಟು ಇತ್ತು. ಧ್ವನಿ ಫಕ್ಕೀರವ್ವನದು. ಇಷ್ಟು ದಿನದ 'ಮೇಡಮ್ಮಾರ' ಎಲ್ಲಿ ಹೋಯಿತೋ, 'ತಗೀರಿ' ಹೋಗಿ 'ತಗೀ' ಆಗಿತ್ತು.

"ಯಾಕ, ನಾಳೆ ಬರ್ಲೇನು?" ಎಂದು ಹೊರಗಿನ ಧ್ವನಿ ನಕ್ಕಿತು. "ಕಸ್ತೂರಿ ಉಡಿಗೂ ಹಾಕೇನಿ, ನಿನ್ನ ಉಡಿಗೂ ತಂದೇನಿ. ಬೀಜ ಹೆಣ್ಣುಮಕ್ಕಳ ಕಡೀನಾ ಇರಬೇಕು. ಸೆರಗು ಹಿಡ್ಕೊಂಡು ಕೈ ಸೋತೈತಿ ನೋಡು."

ತಸ್ನೀಮ್ ಎದ್ದಳು. ದುಪಟ್ಟಾದ ಎರಡೂ ತುದಿಗಳನ್ನು ಒಂದು ಕೈಯಲ್ಲಿ ಉಡಿಯಂತೆ ಹಿಡಿದುಕೊಂಡು, ಇನ್ನೊಂದು ಕೈಯಿಂದ ಚಿಲಕ ತೆಗೆದಳು.